ವೈದ್ಯ ಜೀವಕ: ಮೈಕೇಲ್ ಡಿಲನ್ನನ ಜೀವನ

ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಜೀವಕನೆಂಬ ವೈದ್ಯನ ಕಥೆಯೊಂದು ಬರುತ್ತದೆ. ಹುಟ್ಟಿದೊಡನೆಯೇ ತಾಯಿಯಿಂದ ಅಗಲಿ ರಾಜಗೃಹದ ಕಸದ ರಾಶಿಯ ಪಾಲಾಗಿದ್ದ ಕೂಸು ಅವನು. ರಾಜಕುಮಾರನೊಬ್ಬನ ಕಣ್ಣಿಗೆ ಬಿದ್ದು ಬದುಕಿಕೊಂಡು, ಬೆಳೆದು, ತಕ್ಷಶಿಲೆಗೆ ಹೋಗಿ ಏಳು ವರ್ಷ ವೈದ್ಯವಿದ್ಯೆಯನ್ನು ಕಲಿತನು. ಕೊನೆಗೆ ಗುರುವು ಅವನ ಕೈಗೆ ಗುದ್ದಲಿಯನ್ನಿತ್ತು, ಊರಿನ ಸುತ್ತ ಒಂದು ಯೋಜನ ದೂರ ಅಲೆದು ಔಷಧಕ್ಕೆ ಒದಗದ ಗಿಡವೊಂದನ್ನು ತರುವಂತೆ ಕಳುಹಿದನು. ಜೀವಕನು ಬರಿಗೈಯಲ್ಲಿ ಮರಳಿದನು. ಅಂತಹ ಗಿಡವೇ ಅವನಿಗೆ ಸಿಕ್ಕಿರಲಿಲ್ಲ. ಮುಂದೆ ಅವನು ಬುದ್ಧನಿಗೂ ಸಂಘಕ್ಕೂ ವೈದ್ಯನಾದನು.

ಈ ಹೆಸರನ್ನು ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬನು ತಾಳಿದನು. ಲಡಾಖಿನ ವಿಹಾರವೊಂದರಲ್ಲಿ ಎಳೆಯ ಶ್ರಾಮಣೇರರ ಜೊತೆ ಅಡುಗೆಮನೆಯ ಊಳಿಗ ಮಾಡಿದನು. ನಲವತ್ತೇಳನೆಯ ವಯಸ್ಸಿನಲ್ಲಿ ಹಿಮಾಲಯದ ಗಿರಿಪಟ್ಟಣವೊಂದರಲ್ಲಿ ಕಣ್ಮುಚ್ಚಿದನು. ಅವನ ಹೆಸರು ಮೈಕೇಲ್ ಡಿಲನ್. ಹೆಣ್ಣೆಂದು ದಾಖಲಾಗಿ ಹುಟ್ಟಿ, ಗಂಡೆಂದು ತನ್ನನ್ನು ಅರಿತುಕೊಂಡು, ದೇಹವನ್ನು ಆ ಅರಿವಿಗೆ ಹೊಂದಿಸಿಕೊಳ್ಳಲು ಅಂತಃಸ್ರಾವದ ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಪಡೆದ ಮೊದಲಿಗರಲ್ಲಿ ಅವನೊಬ್ಬ. ಇಂದು ಟ್ರಾನ್ಸ್ ಪುರುಷರೆಂದು ಕರೆಯಲ್ಪಡುವವರ ಇತಿಹಾಸದಲ್ಲಿ ಅವನ ಹೆಸರಿಗೆ ದೊಡ್ಡ ಸ್ಥಾನವಿದೆ. ಆದರೆ ಅವನ ಬಾಳಿನ ಹಿರಿಮೆ ಮೊದಲಿಗನಾದುದರಲ್ಲಿ ಮಾತ್ರ ಇಲ್ಲ. ತನ್ನ ದೇಹದ ಬಗ್ಗೆ ಯಾರನ್ನು ಕೇಳಬೇಕೆಂದು ತಿಳಿಯದ ಕಾಲದಲ್ಲಿ, ಕೇಳಿದವರಿಂದಲೇ ಅಪಮಾನಿತನಾಗಿ, ಕೊನೆಗೆ ತಾನೇ ವೈದ್ಯನಾಗಿ ಉತ್ತರವನ್ನು ಅರಸಿದವನು ಅವನು.

ಅವನ ವೃತ್ತಾಂತವನ್ನು ಕನ್ನಡದಲ್ಲಿ ಹೇಳಹೊರಟವನಿಗೆ ಮೊದಲ ವಾಕ್ಯದಲ್ಲಿಯೇ ವ್ಯಾಕರಣವು ಎದುರಾಗುತ್ತದೆ. ಬಂದನು ಎನ್ನಬೇಕೆ, ಬಂದಳು ಎನ್ನಬೇಕೆ? ನಮ್ಮ ಕ್ರಿಯಾಪದವು ಈ ತೀರ್ಮಾನವನ್ನು ಮುಂದೂಡಲು ಬಿಡುವುದಿಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥದ ಭಾರ್ಯೆ ಸ್ತ್ರೀಲಿಂಗ, ದಾರ ಪುಲ್ಲಿಂಗ, ಕಳತ್ರ ನಪುಂಸಕಲಿಂಗ. ಅಲ್ಲಿ ಲಿಂಗವು ಶಬ್ದದ ಧರ್ಮ. ಕನ್ನಡದಲ್ಲಾದರೋ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಡಿಲನ್ನನ ಬಾಳಿನ ಅರ್ಥವು ಅವನು ಗಂಡಸೆಂಬುದೇ ಆದ್ದರಿಂದ, ಬಾಲ್ಯದ ಸಂಗತಿಗಳಿಗೂ ಪುಲ್ಲಿಂಗವನ್ನೇ ಬಳಸುವುದು ನ್ಯಾಯ.

ಡಿಲನ್ 1915ರ ಮೇ 1ರಂದು ಲಂಡನ್ನಿನಲ್ಲಿ ಹುಟ್ಟಿದನು. ಐರ್ಲೆಂಡಿನ ಲಿಸ್ಮಲನ್ ಎಂಬಲ್ಲಿನ ಬ್ಯಾರನೆಟ್ ಮನೆತನ ಅವನದು. ಹೆತ್ತ ಕೆಲವೇ ದಿನಗಳಲ್ಲಿ ತಾಯಿ ನಂಜೇರಿ ತೀರಿಕೊಂಡಳು. ಅವನನ್ನೂ ಅವನ ಅಣ್ಣನನ್ನೂ ಫೋಕ್‌ಸ್ಟನ್ ಎಂಬ ಕಡಲತಡಿಯ ಊರಿನಲ್ಲಿ ಸೋದರತ್ತೆಯರು ಸಾಕಿದರು. ತಂದೆಯೂ 1925ರಲ್ಲಿ ತೀರಿಕೊಂಡನು. ಮುಂದೆ ಆಕ್ಸ್‌ಫರ್ಡಿನಲ್ಲಿ, ಇಂದು ಸೇಂಟ್ ಆನ್ಸ್ ಎಂಬ ಹೆಸರಿರುವ ವಿದ್ಯಾಸಂಸ್ಥೆಯ ವಿದ್ಯಾರ್ಥಿಯಾಗಿ, ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯವನ್ನು ಓದಿ 1938ರಲ್ಲಿ ಪದವಿ ಪಡೆದನು. ದೋಣಿಯ ಸ್ಪರ್ಧೆಯಲ್ಲಿ ಗಟ್ಟಿಗನೆನಿಸಿ, ವಿಶ್ವವಿದ್ಯಾಲಯದ ಮಹಿಳಾ ದೋಣಿಸಂಘದ ಅಧ್ಯಕ್ಷಸ್ಥಾನವನ್ನೂ ಪಡೆದನು. ಹುಟ್ಟು ಹಾಕುವ ತೋಳುಗಳಿಗೆ ಬಲವಿತ್ತು. ಆದರೆ ಆ ತೋಳುಗಳು ಸೇರಿದ ದೇಹವು ತನ್ನದೆಂಬ ಭಾವ ಅವನಿಗೆ ಬಾರದು. ಹೆಂಗಸರ ಉಡುಪು, ಹೆಂಗಸರ ಸಂಬೋಧನೆ, ತಿಂಗಳು ತಿಂಗಳ ಋತುಸ್ರಾವ, ಎಲ್ಲವೂ ಬೇರೊಬ್ಬರ ಮನೆಯಲ್ಲಿ ಬಾಡಿಗೆಗಿದ್ದಂತೆ.

ಇಂತಹ ಮನಃಸ್ಥಿತಿಗೆ ಆಗ ಎಲ್ಲರೂ ಬಲ್ಲ ಹೆಸರೂ ಇರಲಿಲ್ಲ, ಸುಲಭವಾಗಿ ಸಿಗುವ ಚಿಕಿತ್ಸೆಯೂ ಇರಲಿಲ್ಲ. ಆದರೆ ವಿಜ್ಞಾನದಲ್ಲಿ ಒಂದು ಹೊಸ ಬಾಗಿಲು ಆಗತಾನೆ ತೆರೆದಿತ್ತು. ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಸುರಿಸುವ ಅಂತಃಸ್ರಾವಗಳು, ಎಂದರೆ ಹಾರ್ಮೋನುಗಳು, ದೇಹದ ಬೆಳವಣಿಗೆಯನ್ನು ಆಳುತ್ತವೆಂಬುದು ತಿಳಿಯುತ್ತ ಬಂದಿತ್ತು. ಗಂಡಸಿನ ವೃಷಣಗಳಿಂದ ಹೊರಡುವ ಟೆಸ್ಟಾಸ್ಟಿರೋನ್ ಎಂಬ ಸ್ರಾವವನ್ನು ರಸಾಯನಶಾಲೆಯಲ್ಲಿ ತಯಾರಿಸಲು ವಿಜ್ಞಾನಿಗಳು 1935ರಲ್ಲಿ ಕಲಿತರು. ಜಾರ್ಜ್ ಫಾಸ್ ಎಂಬ ವೈದ್ಯನು, ಅತಿಯಾದ ಋತುಸ್ರಾವದಿಂದ ಬಳಲುವ ಹೆಂಗಸರಿಗೆ ಇದನ್ನು ಕೊಟ್ಟು ನೋಡುತ್ತಿದ್ದನು. ಡಿಲನ್ 1939ರಲ್ಲಿ ಅವನ ಬಳಿ ಹೋದನು. ಫಾಸ್ ಗುಳಿಗೆಗಳನ್ನು ಕೊಟ್ಟನು. ಆದರೆ ಮೊದಲು ಒಬ್ಬ ಮನೋವೈದ್ಯನನ್ನು ಕಾಣಬೇಕೆಂದು ವಿಧಿಸಿದನು. ಆ ಮನೋವೈದ್ಯನು ನಂಬಿ ಹೇಳಿಕೊಂಡ ಗುಟ್ಟನ್ನು ನಾಲಗೆಯಲ್ಲಿ ಇಟ್ಟುಕೊಳ್ಳಲಾರದೆ ಹೋದನು. ಮಾತು ಹಬ್ಬಿ ಡಿಲನ್ನನು ಕೆಲಸ ಮಾಡುತ್ತಿದ್ದ ಸಂಶೋಧನಾಲಯದವರೆಗೂ ಬಂದಿತು. ಅವನು ಕೆಲಸ ಬಿಟ್ಟು ಬ್ರಿಸ್ಟಲ್ ನಗರಕ್ಕೆ ಓಡಿದನು. ದೇಹದ ಬಗ್ಗೆ ಕೇಳಿದ ಮೊದಲ ಪ್ರಶ್ನೆಗೆ ಅವನಿಗೆ ಸಿಕ್ಕಿದ ಪ್ರತಿಫಲ ಇದು.

ಬ್ರಿಸ್ಟಲ್ಲಿನಲ್ಲಿ ಆಕ್ಸ್‌ಫರ್ಡಿನ ಈ ಪದವೀಧರನು ಮೋಟಾರು ಕಾರ್ಖಾನೆಯೊಂದರಲ್ಲಿ ಪೆಟ್ರೋಲು ಹಾಕುವ ಕೆಲಸಕ್ಕೆ ನಿಂತನು. ಯುದ್ಧದ ದಿನಗಳು, ರಾತ್ರಿಯ ಹೊತ್ತು ಜರ್ಮನ್ ವಿಮಾನಗಳು ಬೆಂಕಿಯ ಬಾಂಬುಗಳನ್ನು ಸುರಿಸುತ್ತಿದ್ದಾಗ ಬೆಂಕಿ ಕಾಯುವ ಕೆಲಸವನ್ನೂ ಮಾಡಿದನು. ಇತ್ತ ಗುಳಿಗೆಗಳು ತಮ್ಮ ಕೆಲಸ ಮಾಡುತ್ತಿದ್ದವು. ದನಿ ಒಡೆದು ಆಳಕ್ಕಿಳಿಯಿತು. ಮುಖದಲ್ಲಿ ಗಡ್ಡ ಮೂಡಿತು. ಹೊಸ ಗಿರಾಕಿಗಳು ಅವನನ್ನು ಗಂಡಸೆಂದೇ ತಿಳಿಯತೊಡಗಿದರು. ಕೊನೆಗೆ ಕಾರ್ಖಾನೆಯ ಮೇಲಾಳೇ ಉಳಿದ ಕೆಲಸಗಾರರಿಗೆ ಅವನನ್ನು ಪುಲ್ಲಿಂಗದಲ್ಲಿ ಕರೆಯುವಂತೆ ಅಪ್ಪಣೆ ಮಾಡಿದನು. ಪಂಡಿತರು ಕೊಡದ ಮರ್ಯಾದೆ ಎಣ್ಣೆ ಮೆತ್ತಿದ ಕೈಗಳಿಂದ ಬಂದಿತು.

ಆ ಗುಳಿಗೆಗಳು ದೇಹದ ಒಳಗೆ ಏನನ್ನು ಮಾಡುತ್ತವೆ, ಏನನ್ನು ಮಾಡಲಾರವು ಎಂಬುದು ಅಂದು ಡಿಲನ್ನನಿಗೆ ಮಾತ್ರವಲ್ಲ, ಕೊಟ್ಟ ವೈದ್ಯನಿಗೂ ಪೂರ್ತಿ ತಿಳಿದಿರಲಿಲ್ಲ. ಅದೇ ದಾರಿಯಲ್ಲಿ ನಡೆಯುವವರು ಇಂದಿಗೂ ಕೇಳುವ ಪ್ರಶ್ನೆಗಳು ಅವೇ ಆದ್ದರಿಂದ, ಈಗ ತಿಳಿದಿರುವುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.

ತಾಯಿಯ ಗರ್ಭದಲ್ಲಿ ಮೊದಲ ಆರು ವಾರಗಳ ಕಾಲ ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಜನನಾಂಗದ ರಚನೆಯಲ್ಲಿ ಭೇದವಿಲ್ಲ. ಪ್ರತಿಯೊಂದು ಭ್ರೂಣದಲ್ಲಿಯೂ ಎರಡು ಜೊತೆ ನಾಳಗಳು ಸಿದ್ಧವಾಗುತ್ತವೆ. ಒಂದು ಜೊತೆ ಬೆಳೆದರೆ ಗರ್ಭಕೋಶವೂ ಅಂಡನಾಳಗಳೂ ಆಗುತ್ತವೆ. ಇನ್ನೊಂದು ಜೊತೆ ಬೆಳೆದರೆ ವೀರ್ಯನಾಳಗಳಾಗುತ್ತವೆ. ಹೊರಗಿನ ಒಂದು ಪುಟ್ಟ ಮೊಳಕೆಯೇ ಒಂದು ದೇಹದಲ್ಲಿ ಶಿಶ್ನವೂ ಇನ್ನೊಂದರಲ್ಲಿ ಭಗಾಂಕುರವೂ ಆಗಿ ಬೆಳೆಯುತ್ತದೆ. ಈ ಕಾರಣದಿಂದಲೇ ಬೆಳೆದ ವಯಸ್ಸಿನಲ್ಲಿ ಟೆಸ್ಟಾಸ್ಟಿರೋನ್ ಪಡೆದವರಲ್ಲಿ ಭಗಾಂಕುರವು ದೊಡ್ಡದಾಗುತ್ತದೆ. ಅದು ರೋಗವಲ್ಲ, ಆ ಮೊಳಕೆಗೆ ಹಳೆಯ ಕರೆ ಕೇಳಿಸಿದಂತೆ. ಆದರೆ ಗರ್ಭದಲ್ಲಿ ಒಮ್ಮೆ ರೂಪುಗೊಂಡ ಒಳಗಿನ ಅಂಗಗಳು ಹಿಂದಿರುಗಿ ಬೇರೆಯಾಗುವುದಿಲ್ಲ. ಗರ್ಭಕೋಶ ಕರಗುವುದಿಲ್ಲ, ಅಂಡಾಶಯಗಳು ವೃಷಣಗಳಾಗುವುದಿಲ್ಲ.

ಋತುಸ್ರಾವವು ಸಾಮಾನ್ಯವಾಗಿ ಕೆಲವು ತಿಂಗಳೊಳಗೆ ನಿಲ್ಲುತ್ತದೆ. ಔಷಧವನ್ನು ಬಿಟ್ಟರೆ ಅನೇಕರಲ್ಲಿ ಮರಳಿ ಬರುತ್ತದೆ. ಧ್ವನಿತಂತುಗಳು ದಪ್ಪವಾಗಿ ದನಿ ಒಡೆದರೆ ಮಾತ್ರ, ಔಷಧ ಬಿಟ್ಟರೂ ಆ ದನಿ ಹಿಂದಕ್ಕೆ ಹೋಗುವುದಿಲ್ಲ. ಬೆಳೆದ ಎದೆ ಔಷಧದಿಂದ ಇಲ್ಲವಾಗುವುದಿಲ್ಲ. ಅದಕ್ಕೆ ಶಸ್ತ್ರವೇ ಬೇಕು. ಯೋನಿಯ ಒಳಪೊರೆಯು ತೆಳುವಾಗಿ, ಒಣಗಿ, ನೋವನ್ನು ತರಬಹುದು, ಅದಕ್ಕೆ ಪರಿಹಾರವುಂಟು. ಎಲ್ಲಕ್ಕಿಂತ ಮುಖ್ಯವಾದುದು ಇದು: ಋತುಸ್ರಾವ ನಿಂತರೂ ಅಂಡವು ಬಿಡುಗಡೆಯಾಗುವುದುಂಟು, ಆದ್ದರಿಂದ ಈ ಔಷಧವನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ, ಗರ್ಭ ನಿಂತರೆ ಭ್ರೂಣಕ್ಕೆ ಅದು ಹಾನಿಕರ. ಗರ್ಭಕೋಶದ ಕಂಠವು ಉಳಿದಿರುವ ಗಂಡಸಿಗೂ ಆ ಭಾಗದ ಏಡಿಗಂತಿಯ ತಪಾಸಣೆ ಹೆಂಗಸರಿಗೆ ಬೇಕಾದಷ್ಟೇ ಬೇಕು. ಹೊರಗೆ ಗಡ್ಡವಿರುವುದನ್ನು ಕಂಡ ವೈದ್ಯನು ಒಳಗೆ ಏನಿದೆಯೆಂದು ಕೇಳದೆ ಹೋದರೆ, ಕೇಳಿದರೆ ನಗುವನೆಂದು ಹೆದರಿ ರೋಗಿಯು ಹೇಳದೆ ಹೋದರೆ, ಆ ಮೌನದ ಬೆಲೆಯನ್ನು ದೇಹವೇ ತೆರಬೇಕಾಗುತ್ತದೆ.

ಡಿಲನ್ನನ ವಿಷಯದಲ್ಲಿ ಮೌನವನ್ನು ಮುರಿದದ್ದು ಒಂದು ಅಪಘಾತ. ರಕ್ತದಲ್ಲಿ ಸಕ್ಕರೆ ಇಳಿದು ಮೂರ್ಛೆ ಹೋಗುವ ತೊಂದರೆ ಅವನಿಗಿತ್ತು. ಹೀಗೆ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದಾಗ, ಅಂದಿನ ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟಿದ್ದ ರೂಪಶಸ್ತ್ರವೈದ್ಯರಲ್ಲಿ ಒಬ್ಬನ ಕಣ್ಣಿಗೆ ಬಿದ್ದನು. ಆ ವೈದ್ಯನು ನಗಲಿಲ್ಲ. 1942ರಲ್ಲಿ ಎದೆಯ ಶಸ್ತ್ರಕ್ರಿಯೆಯನ್ನು ಮಾಡಿದನು. ಜನನಪತ್ರವನ್ನು ತಿದ್ದಿಸಲು ಪ್ರಮಾಣಪತ್ರವನ್ನು ಬರೆದುಕೊಟ್ಟನು. ಮುಂದಿನ ಕೆಲಸಕ್ಕೆ ಸರ್ ಹೆರಾಲ್ಡ್ ಗಿಲೀಸನ ಬಳಿಗೆ ದಾರಿ ತೋರಿಸಿದನು. 1944ರಲ್ಲಿ ಡಿಲನ್ ಕಾನೂನಿನ ಕಣ್ಣಿಗೂ ಗಂಡಸಾಗಿ, ಲಾರೆನ್ಸ್ ಮೈಕೇಲ್ ಡಿಲನ್ ಎಂಬ ಹೆಸರನ್ನು ಪಡೆದನು.

ಗಿಲೀಸನು ನ್ಯೂಜಿಲೆಂಡಿನಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಮುಖ ಒಡೆದು ಬಂದ ಸೈನಿಕರಿಗೆ ಮತ್ತೆ ಮುಖ ಕೊಟ್ಟವನೆಂದು ಹೆಸರಾಗಿದ್ದನು. ಬೇರೆಡೆಯ ಚರ್ಮವನ್ನು ತಂದು ಗಾಯಕ್ಕೆ ಹೊಲಿದರೆ ರಕ್ತಸಂಚಾರವಿಲ್ಲದೆ ಅದು ಸಾಯುವುದುಂಟು, ಇಲ್ಲವೆ ಕೀವು ತುಂಬುವುದುಂಟು. ಇದಕ್ಕೆ ಗಿಲೀಸನು 1917ರಲ್ಲಿ ಉಪಾಯ ಕಂಡನು. ಚರ್ಮದ ಪಟ್ಟಿಯನ್ನು ಎಬ್ಬಿಸಿ, ಹಸಿಯ ಭಾಗ ಒಳಗೆ ಮುಚ್ಚುವಂತೆ ಕೊಳವೆಯಾಗಿ ಸುತ್ತಿ ಹೊಲಿಯುವುದು. ಒಂದು ತುದಿಯನ್ನು ಹುಟ್ಟಿದ ಜಾಗಕ್ಕೇ ಅಂಟಿರಲು ಬಿಟ್ಟು, ಇನ್ನೊಂದನ್ನು ಹೊಸ ಜಾಗಕ್ಕೆ ಸೇರಿಸುವುದು. ಅಲ್ಲಿ ಹೊಸ ರಕ್ತನಾಳಗಳು ಬೇರುಬಿಟ್ಟ ಮೇಲೆ ಹಳೆಯ ನಂಟನ್ನು ಕತ್ತರಿಸುವುದು. ತೋಟಗಾರನು ಕಸಿ ಕಟ್ಟುವ ಕ್ರಮವೇ ಇದು. ಕಸಿಗೆ ಬೇಕಾದ ತಾಳ್ಮೆಯೇ ಇಲ್ಲಿಯೂ ಬೇಕು. ಯುದ್ಧದಲ್ಲಿ ಜನನಾಂಗವನ್ನು ಕಳೆದುಕೊಂಡ ಸೈನಿಕರಿಗೆ ಈ ಕ್ರಮದಿಂದ ಶಿಶ್ನವನ್ನು ರಚಿಸಿದ ಅನುಭವ ಗಿಲೀಸನಿಗಿತ್ತು. ಕೊಳವೆಯೊಳಗೊಂದು ಕೊಳವೆ: ಒಳಗಿನದು ಮೂತ್ರಮಾರ್ಗ, ಹೊರಗಿನದು ಅಂಗ.

ಗಾಯಾಳು ಸೈನಿಕರ ಸಾಲು ಮುಗಿಯುವವರೆಗೆ ಕಾಯಬೇಕಾಗಿತ್ತು. ಡಿಲನ್ ಆ ಕಾಲವನ್ನು ವ್ಯರ್ಥ ಮಾಡಲಿಲ್ಲ. 1945ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯವಿದ್ಯಾರ್ಥಿಯಾಗಿ ಸೇರಿದನು. ಹಳೆಯ ಗುರುವೊಬ್ಬರ ಪ್ರಯತ್ನದಿಂದ ಆಕ್ಸ್‌ಫರ್ಡಿನ ದಾಖಲೆಯಲ್ಲಿ ಹೆಣ್ಣುಮಕ್ಕಳ ಸಂಸ್ಥೆಯ ಹೆಸರು ಹೋಗಿ ಬ್ರೇಸ್‌ನೋಸ್ ಎಂಬ ಗಂಡುಮಕ್ಕಳ ಕಾಲೇಜಿನ ಹೆಸರು ಬಂದಿತು. ಡಬ್ಲಿನ್ನಿನಲ್ಲಿ ಅವನು ಮತ್ತೆ ದೋಣಿಯನ್ನೇರಿದನು, ಈ ಸಲ ಪುರುಷರ ತಂಡದಲ್ಲಿ. 1946ರಿಂದ 1949ರವರೆಗೆ ಬಿಡುವು ಸಿಕ್ಕಿದಾಗಲೆಲ್ಲ ಬೇಸಿಂಗ್‌ಸ್ಟೋಕಿನ ಬಳಿಯ ರೂಕ್ಸ್‌ಡೌನ್ ಹೌಸ್ ಆಸ್ಪತ್ರೆಗೆ ಬಂದು ಶಸ್ತ್ರಕ್ಕೆ ಮೈಯೊಡ್ಡಿದನು. ಒಟ್ಟು ಹದಿಮೂರಕ್ಕೆ ಕಡಿಮೆಯಿಲ್ಲದಷ್ಟು ಶಸ್ತ್ರಕ್ರಿಯೆಗಳು ನಡೆದವು. ಗುಟ್ಟು ಬಯಲಾಗದಂತೆ, ಮೂತ್ರದ್ವಾರವು ತುದಿಯಲ್ಲಿರದೆ ಕೆಳಬದಿಯಲ್ಲಿ ತೆರೆದಿರುವ ಜನ್ಮದೋಷವೆಂದು ಕಾಗದಪತ್ರಗಳಲ್ಲಿ ಬರೆದುಕೊಂಡರು. ಹುಣ್ಣು ಕೀವಾಗಿ ಕುಂಟುವಾಗ, ಯುದ್ಧದ ಗಾಯವೆಂದು ಗೆಳೆಯರಿಗೆ ಹೇಳುತ್ತಿದ್ದನು. ಹಗಲು ಶವಚ್ಛೇದನದ ಮೇಜಿನ ಮುಂದೆ ಮನುಷ್ಯದೇಹದ ಒಳಗನ್ನು ಕಲಿಯುವವನು, ತನ್ನ ದೇಹದ ಬಗ್ಗೆ ಒಂದು ನಿಜವಾದ ಮಾತನ್ನು ಪಕ್ಕದವನಿಗೆ ಹೇಳುವಂತಿರಲಿಲ್ಲ.

ಆ ಮಾತನ್ನು ಪುಸ್ತಕದಲ್ಲಿ ಹೇಳಿದನು. 1946ರಲ್ಲಿ 'ಸೆಲ್ಫ್' ಎಂಬ ಗ್ರಂಥವು ಹೊರಬಂದಿತು. ನೀತಿಶಾಸ್ತ್ರ ಮತ್ತು ಅಂತಃಸ್ರಾವಶಾಸ್ತ್ರ ಎರಡನ್ನೂ ಒಟ್ಟಿಗೆ ಚರ್ಚಿಸುವ ಚಿಕ್ಕ ಪುಸ್ತಕ. ಇಂತಹವರ ಮನಸ್ಸನ್ನು ಬದಲಿಸಲು ಯತ್ನಿಸಿ ಯಾರೂ ಗೆದ್ದಿಲ್ಲ. ಬದಲಾಗಬಲ್ಲದ್ದು ದೇಹವಾದ್ದರಿಂದ ಅದನ್ನೇ ಮನಸ್ಸಿನೊಡನೆ ಹೊಂದಿಸುವುದು ವೈದ್ಯನ ಧರ್ಮ ಎಂಬುದು ಅದರ ವಾದದ ತಿರುಳು. ವಾದಕ್ಕೆ ಬೇಕಾದ ಪ್ರಮಾಣಗಳೆಲ್ಲ ಅಲ್ಲಿದ್ದವು. ಬರೆದವನೇ ಪ್ರಮಾಣವೆಂಬ ಸಂಗತಿಯೊಂದನ್ನು ಬಿಟ್ಟು. ಪುಸ್ತಕ ಹೆಚ್ಚು ಜನರ ಕೈ ಸೇರಲಿಲ್ಲ. ಆದರೆ ಸೇರಬೇಕಾದ ಒಂದು ಕೈಯನ್ನು ಸೇರಿತು. ಯುದ್ಧವಿಮಾನದ ಚಾಲಕಿಯೂ ಮೋಟಾರು ಪಂದ್ಯಗಳ ಸ್ಪರ್ಧಿಯೂ ಆಗಿದ್ದ ರಾಬರ್ಟಾ ಕವೆಲ್ ಎಂಬಾಕೆ ಗಂಡೆಂದು ದಾಖಲಾಗಿ ಹುಟ್ಟಿದವಳು; ಪುಸ್ತಕವನ್ನೋದಿ ಡಿಲನ್ನನನ್ನು ಹುಡುಕಿಕೊಂಡು ಬಂದಳು. ಅವಳಿಗೆ ಬೇಕಾಗಿದ್ದ ಮೊದಲ ಶಸ್ತ್ರಕ್ರಿಯೆಗೆ ಅಂದಿನ ಇಂಗ್ಲೆಂಡಿನ ಕಾನೂನು ಅಡ್ಡಿಯಾಗಿತ್ತು. ಇನ್ನೂ ವಿದ್ಯಾರ್ಥಿಯಾಗಿದ್ದ ಡಿಲನ್ ಅದನ್ನು ಗುಟ್ಟಾಗಿ ತಾನೇ ಮಾಡಿದನು. ಸಿಕ್ಕಿಬಿದ್ದಿದ್ದರೆ ವೈದ್ಯವೃತ್ತಿಯೂ ಹೋಗುತ್ತಿತ್ತು, ಸೆರೆಮನೆಯೂ ಕಾದಿರುತ್ತಿತ್ತು. ಉಳಿದ ಶಸ್ತ್ರಕ್ರಿಯೆಯನ್ನು 1951ರಲ್ಲಿ ಗಿಲೀಸನೇ ನೆರವೇರಿಸಿದನು. ಡಿಲನ್ ಅವಳಲ್ಲಿ ಮದುವೆಯ ಮಾತನ್ನೆತ್ತಿದನು, ಅವಳು ಒಪ್ಪಲಿಲ್ಲ. ಆಮೇಲೆ ಯಾವ ಹೆಣ್ಣನ್ನೂ ಅವನು ಹತ್ತಿರ ಸೇರಿಸಲಿಲ್ಲ.

1951ರಲ್ಲಿ ವೈದ್ಯಪದವಿ ಪಡೆದು, ಮರುವರ್ಷ ವ್ಯಾಪಾರಿ ಹಡಗುಗಳ ವೈದ್ಯನಾಗಿ ಸಮುದ್ರವನ್ನು ಸೇರಿದನು. ನೀರಿನ ಮೇಲೆ ವಂಶಾವಳಿ ಕೇಳುವವರಿಲ್ಲ. ಆದರೆ ನೆಲದ ಮೇಲೆ ವಂಶಾವಳಿಯೇ ಅವನಿಗೆ ಮುಳುವಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನಗಳ ವಿವರವಿರುವ ಎರಡು ಗ್ರಂಥಗಳಲ್ಲಿ, ಡೆಬ್ರೆಟ್ಟಿನದು ಅವನನ್ನು ಅಣ್ಣನ ನಂತರದ ಉತ್ತರಾಧಿಕಾರಿಯಾದ ತಮ್ಮನೆಂದು ತಿದ್ದಿಕೊಂಡಿತ್ತು. ಬರ್ಕನದು ಇನ್ನೂ ತಂಗಿಯೆಂದೇ ತೋರಿಸುತ್ತಿತ್ತು. ಈ ವ್ಯತ್ಯಾಸ 1958ರಲ್ಲಿ ಪತ್ರಿಕೆಯವರ ಕಣ್ಣಿಗೆ ಬಿದ್ದಿತು. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಅವನ ಹಡಗು ನಿಂತಿದ್ದಾಗ ವರದಿಗಾರರು ಬಂದು ಮುತ್ತಿದರು. ಹದಿನೈದು ವರ್ಷಗಳ ಗುಟ್ಟು ಒಂದು ದಿನದಲ್ಲಿ ಜಗತ್ತಿನ ಬೀದಿಯ ಮಾತಾಯಿತು. ಅಣ್ಣನೂ ಅವನ ಕೈ ಹಿಡಿಯಲಿಲ್ಲ. ಡಿಲನ್ ಹಡಗನ್ನು ಬಿಟ್ಟು ಭಾರತಕ್ಕೆ ಬಂದನು.

ಇದು ಬರಿಯ ಪಲಾಯನವಲ್ಲ. ಹಡಗಿನ ಏಕಾಂತದಲ್ಲಿ ಅವನ ಓದು ಪೂರ್ವದೇಶಗಳ ತತ್ತ್ವದತ್ತ ತಿರುಗಿತ್ತು. ಕಾಲಿಂಪಾಂಗಿನಲ್ಲಿ ಇಂಗ್ಲಿಷ್ ಭಿಕ್ಷು ಸಂಘರಕ್ಷಿತರ ಬಳಿ ಕೆಲಕಾಲವಿದ್ದು ಜೀವಕನೆಂಬ ಹೆಸರನ್ನು ಪಡೆದನು. ಸಾರನಾಥದಲ್ಲಿ ಶ್ರಾಮಣೇರದೀಕ್ಷೆಯಾಯಿತು. ಭಿಕ್ಷುವಾಗಬೇಕೆಂಬ ಹಂಬಲ ಮಾತ್ರ ಕೈಗೂಡಲಿಲ್ಲ. ಗಂಡು ಹೆಣ್ಣುಗಳ ನಡುವಿನವರೆಂದು ಎಣಿಸಲ್ಪಟ್ಟವರಿಗೆ ಉಪಸಂಪದೆಯನ್ನು ಕೊಡಬಾರದೆಂದು ವಿನಯವು ವಿಧಿಸುತ್ತದೆ. ವೈದ್ಯ ಜೀವಕನ ಕಥೆಯನ್ನು ಆದರದಿಂದ ಹೇಳುವ ಮಹಾವಗ್ಗದಲ್ಲಿಯೇ ಈ ನಿಷೇಧವೂ ಇದೆ. ಹದಿಮೂರು ಸಲ ಶಸ್ತ್ರಕ್ಕೆ ಮೈಯೊಡ್ಡಿ ಬಂದವನನ್ನು ಪುರಾತನ ಶಾಸ್ತ್ರವು ಮತ್ತೆ ಅದೇ ಪ್ರಶ್ನೆಯ ಮುಂದೆ ತಂದು ನಿಲ್ಲಿಸಿತು: ಈ ದೇಹವು ಯಾರದು?

ಟಿಬೆಟಿನ ಸಂಪ್ರದಾಯದವರು ಅವನನ್ನು ಒಳಗೆ ಕರೆದರು. ಲಡಾಖಿನ ಪ್ರಸಿದ್ಧ ಲಾಮಾ ಕುಶೋಕ್ ಬಕುಲರ ನೆರವಿನಿಂದ, 1960ರಲ್ಲಿ, ಕಟ್ಟುನಿಟ್ಟಿಗೆ ಹೆಸರಾದ ರಿಝೋಂಗ್ ವಿಹಾರವನ್ನು ಸೇರಿ ಲೋಬ್ಜಂಗ್ ಜೀವಕನಾದನು. ಅಲ್ಲಿ ಹುಡುಗ ಶ್ರಾಮಣೇರರ ಸಾಲಿನಲ್ಲಿ ಕೊನೆಯವನಾಗಿ ಕುಳಿತನು; ಅಡುಗೆಮನೆಯಲ್ಲಿ ದುಡಿದನು; ಭಾಷೆ ಬಾರದೆಯೂ ಕಲಿತನು. ತನ್ನ ಬಾಳಿನ ಅತ್ಯಂತ ಸುಖದ ಕಾಲ ಇದೆಂದು ಭಾವಿಸಿದನು. ಮೂರು ತಿಂಗಳಲ್ಲಿ ಅದು ಮುಗಿಯಿತು. ಗಡಿಸೀಮೆಯಲ್ಲಿ ಪರದೇಶಿಯೊಬ್ಬನು ನೆಲಸುವುದಕ್ಕೆ ಸರ್ಕಾರದ ಅನುಮತಿ ಮುಂದುವರಿಯಲಿಲ್ಲ. ಬಯಲಿಗೆ ಇಳಿದು ಬಂದು, ಬಡತನದಲ್ಲಿಯೇ ಬರೆಯುತ್ತ ಕುಳಿತನು. ವಿಹಾರದ ದಿನಗಳನ್ನು ಕುರಿತ 'ಇಮ್ಜಿ ಗೆಟ್ಸುಲ್', ಎಂದರೆ ಇಂಗ್ಲಿಷ್ ಶ್ರಾಮಣೇರ ಎಂಬ ಪುಸ್ತಕವೂ, ಮಿಲರೇಪನ ಚರಿತ್ರೆಯ ಸಂಗ್ರಹವೂ 1962ರಲ್ಲಿ ಪ್ರಕಟವಾದವು. ಅದೇ ವರ್ಷದ ಮೇ 15ರಂದು, ಇಂದು ಹಿಮಾಚಲ ಪ್ರದೇಶಕ್ಕೆ ಸೇರಿರುವ ಡಾಲ್‌ಹೌಸಿಯ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು.

ಸಾಯುವ ಎರಡು ವಾರ ಮೊದಲು ಒಂದು ಹಸ್ತಪ್ರತಿಯನ್ನು ಮುಗಿಸಿ ಇಂಗ್ಲೆಂಡಿಗೆ ಕಳುಹಿದ್ದನು. ಅದು ಅವನ ಆತ್ಮಕಥೆ, 'ಔಟ್ ಆಫ್ ದಿ ಆರ್ಡಿನರಿ'. 'ಸೆಲ್ಫ್' ಗ್ರಂಥದಲ್ಲಿ ಮರೆಮಾಡಿದ್ದ ತನ್ನನ್ನು ಇಲ್ಲಿ ಮರೆಯಿಲ್ಲದೆ ಬರೆದಿದ್ದನು. ಅದನ್ನು ಸುಟ್ಟುಬಿಡಬೇಕೆಂದು ಅಣ್ಣನು ಹಟ ಹಿಡಿದನು. ಪುಸ್ತಕದ ಪ್ರತಿನಿಧಿ ಒಪ್ಪದೆ ಅದನ್ನು ಕಾಪಾಡಿದನು. ಐವತ್ತು ವರ್ಷಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ಅದು ಅಮೆರಿಕದಲ್ಲಿ ಅಚ್ಚಾಯಿತು.

ಡಿಲನ್ನನ ಬಾಳಿನಲ್ಲಿ ಅವನ ದೇಹದ ವಿಷಯವನ್ನು ಬಲ್ಲವರು ಎರಡು ಬಗೆಯವರು. ತಿಳಿದದ್ದನ್ನು ಊರಿಗೆ ಹಂಚಿದವರು ಕೆಲವರು. ತಿಳಿದು, ಬೇಕಾದುದನ್ನು ಮಾಡಿ, ಬಾಯಿ ಮುಚ್ಚಿಕೊಂಡವರು ಕೆಲವರು. ಮೊದಲಿನವರಲ್ಲಿ ಓದಿದ ಮನೋವೈದ್ಯನೂ ಪತ್ರಿಕೆಯವರೂ ಇದ್ದರು. ಎರಡನೆಯವರಲ್ಲಿ ಬ್ರಿಸ್ಟಲ್ಲಿನ ಶಸ್ತ್ರವೈದ್ಯನೂ ಗಿಲೀಸನೂ ಆಕ್ಸ್‌ಫರ್ಡಿನ ಹಳೆಯ ಗುರುವೂ ಮೋಟಾರು ಕಾರ್ಖಾನೆಯ ಮೇಲಾಳೂ ಇದ್ದರು. ಅವನು ಬದುಕಿದ್ದು ಈ ಎರಡನೆಯವರಿಂದ. ತನ್ನ ಒಳಗೆ ಏನಿದೆ, ಅದು ಏನಾಗುತ್ತದೆ ಎಂದು ಕೇಳುವ ಮನುಷ್ಯನಿಗೆ ನಾಚಿಕೆಯನ್ನು ಉತ್ತರವಾಗಿ ಕೊಡುವುದು ವೈದ್ಯವಲ್ಲ. ಉತ್ತರ ತಿಳಿದಿದ್ದರೆ ಹೇಳಬೇಕು, ತಿಳಿಯದಿದ್ದರೆ ಹುಡುಕಬೇಕು, ಎರಡೂ ಸಂದರ್ಭದಲ್ಲಿ ಕೇಳಿದವನ ಗುಟ್ಟನ್ನು ಕಾಯಬೇಕು. ತನಗೆ ಸಿಗದೆ ಹೋದ ಆ ವೈದ್ಯನು ತಾನೇ ಆಗಲು ಡಿಲನ್ ದುಡಿದನು; ರಾಬರ್ಟಾ ಕವೆಲ್ಲಳ ಪಾಲಿಗೆ ಆದನು ಕೂಡ.